ಬಳೆಗಾರನ ಹುಣಸೆಬೀಜ

"ನನಗೆ ಉಣ್ಣಲಿಕ್ಕಿಟ್ಟವರ ಮುಂದೆ ಹೋಗಿ ನಿಲ್ಲುವ ಯೋಗ್ಯತೆ ನನಗೆ ಯಾವಾಗ ಬರುತ್ತದೆ, ಗುರುಗಳೇ?"

ಕೇಳಿದವನು ನರಹರಿ. ಚಿಕ್ಕಂದಿನಲ್ಲಿ ವಾರಾನ್ನ ಉಂಡು ಓದಿದವನು, ದಿನಕ್ಕೊಂದು ಮನೆ. ಗುರುವಾರದ ಮನೆ ತುಂಗಮ್ಮನದು. "ಇನ್ನೊಂದು ಸೌಟು ಹಾಕಿಸ್ಕೋ ಮಗು" ಎಂದು ಬಡಿಸಿದವಳು ಅವಳೊಬ್ಬಳೇ. ಶಾಸ್ತ್ರ ಮುಗಿಸಿ, ವಿದ್ವಾಂಸನೆಂದು ಶಾಲು ಹೊದೆಸಿಕೊಂಡು, ಆಮೇಲೆ ಹೋಗಿ ಅವಳ ಕಾಲಿಗೆ ಬೀಳಬೇಕೆಂದು ಹನ್ನೆರಡು ವರ್ಷದಿಂದ ಕಾಯುತ್ತಿದ್ದಾನೆ. ನಸುಕಿನಲ್ಲಿ ಹೊರಟರೆ ಊಟದ ಹೊತ್ತಿಗೆ ಅವಳ ಊರು ಸೇರಬಹುದು. ಈಚೆಗೆ ಅವಳಿಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ ಎಂದು ಯಾರೋ ಹೇಳಿದ್ದರು.

ಗುರುಗಳು ನಕ್ಕರು. "ಇಸ್ಪೀಟಿನ ಕತೆ ಹೇಳಿದರೆ ಮೂಗು ಮುರಿಯುವುದಿಲ್ಲ ತಾನೆ?" ಎಂದು ಶುರುಮಾಡಿದರು.

ಒಬ್ಬ ಬಳೆಗಾರನಿದ್ದ. ಅವನೂ ಹೆಂಡತಿಯೂ ಬಳೆಯ ಮಲಾರ ಹೊತ್ತು ಊರೂರು ತಿರುಗಿ ಹೆಗಲು ಸವೆಸಿದ್ದರು. ಪಟ್ಟಣದ ಯಜಮಾನ ವರ್ಷಕ್ಕೊಮ್ಮೆ ಇಸ್ಪೀಟಿನ ಪಂದ್ಯ ಇಡುತ್ತಿದ್ದ. ಗೆದ್ದವನಿಗೆ ಪೇಟೆಯಲ್ಲಿ ಒಂದು ಮಳಿಗೆ. ಹೆಂಡತಿಯ ಹೆಗಲಿನ ಭಾರ ಇಳಿದರೆ ಸಾಕೆಂದು ಬಳೆಗಾರ ಆಡಲು ಕುಳಿತ.

ಆಟ ಹೀಗೆ. ಒಬ್ಬೊಬ್ಬರಿಗೆ ನೂರು ಹುಣಸೆಬೀಜ. ಎಲೆ ಹಂಚುವ ಮೊದಲು ಎಲ್ಲರೂ ನಡುವೆ ಒಂದೊಂದು ಬೀಜ ಇಡಬೇಕು. ಎಲೆ ನೋಡಿದ ಮೇಲೆ ಬೇಕಾದವನು ಇನ್ನಷ್ಟು ಮುಂದೂಡಬಹುದು. ಉಳಿದವರು ಅಷ್ಟೇ ಇಟ್ಟು ಎದುರಾಗಬೇಕು, ಇಲ್ಲವೇ ಎಲೆ ಕೆಳಗಿಡಬೇಕು. ಉಳಿದವರೆಲ್ಲ ಕೆಳಗಿಟ್ಟರೆ ಎಲೆ ತೋರಿಸದೆಯೇ ರಾಶಿ ಮುಂದೂಡಿದವನದು; ಯಾರಾದರೂ ಎದುರಾದರೆ ಮೇಲಾದ ಎಲೆಯವನದು. ಬೀಜ ಮುಗಿದವನು ಹೊರಗೆ, ಕೊನೆಗೆ ಉಳಿದವನು ಗೆದ್ದವನು. ಪಕ್ಕದಲ್ಲಿ ನೀರಿನ ಮೇಲೆ ತಳ ತೂತಾದ ಗಳಿಗೆ ಬಟ್ಟಲು ತೇಲುತ್ತಿತ್ತು. ಅದು ಮುಳುಗಿದಾಗಲೆಲ್ಲ ಮೊದಲು ಇಡುವ ಬೀಜ ಎರಡರಷ್ಟಾಗುತ್ತಿತ್ತು. ಯಜಮಾನನಿಗೆ ಊಟದ ಹೊತ್ತಿಗೆ ಆಟ ಮುಗಿಯಬೇಕಿತ್ತು, ಪಾಪ.

ಬಳೆಗಾರ ಜಾಣ, ಅಥವಾ ಹಾಗೆಂದುಕೊಂಡಿದ್ದ. ಒಳ್ಳೆಯ ಎಲೆ ಬರಲಿ ಎಂದು ಕಾದ. ಬಟ್ಟಲು ಒಂದು ಸಲ ಮುಳುಗಿತು, ಎರಡು ಸಲ ಮುಳುಗಿತು, ಮೂರು ಸಲ ಮುಳುಗಿತು. ಕೊನೆಗೂ ಅವನ ಕೈಗೆ ಮೂರು ರಾಜರು ಬಂದರು. ಆಗ ಉಳಿದಿದ್ದದ್ದು ಹತ್ತೇ ಬೀಜ. ಅಷ್ಟನ್ನೂ ಮುಂದೂಡಿದ. ಹತ್ತು ಬೀಜಕ್ಕೆ ಹೆದರುವವರು ಯಾರು? ಎಲ್ಲರೂ ನಗುತ್ತಲೇ ಎದುರಾದರು. ಅವನೇ ಗೆದ್ದ; ಬಂದದ್ದು ಒಂದೆರಡು ಹಿಡಿ. ಬಟ್ಟಲು ಇನ್ನೆರಡು ಸಲ ಮುಳುಗುವಷ್ಟರಲ್ಲಿ ಅದೂ ಕರಗಿತು.

ಆ ವರ್ಷ ಮಳಿಗೆ ಒಬ್ಬ ಉಪ್ಪಿನ ವ್ಯಾಪಾರಿಯ ಪಾಲಾಯಿತು. ಬಳೆಗಾರ ಅವನನ್ನೇ ಕೇಳಿದ, "ಅಣ್ಣಾ, ನಿನಗೆ ಅಷ್ಟು ಒಳ್ಳೊಳ್ಳೆ ಎಲೆ ಹೇಗೆ ಬಂದವು?"

"ಎಲ್ಲಿ ಬಂದವಪ್ಪಾ? ಬಹಳ ಸಲ ಸಾಧಾರಣ ಎಲೆಗಳೇ. ಆದರೆ ನಾನು ಮುಂದೂಡಿದಾಗ ನನ್ನ ಹತ್ತಿರ ತೊಂಬತ್ತು ಬೀಜ ಇತ್ತು. ಅದನ್ನು ನೋಡಿಯೇ ಅವರು ಎಲೆ ಕೆಳಗಿಟ್ಟರು. ನಿನ್ನ ರಾಜರು ಬಂದರು ನಿಜ, ಅವರಿಗೆ ನೀನು ಏನು ಉಳಿಸಿದ್ದೆ?"

ಮರುವರ್ಷ ಬಟ್ಟಲು ಎರಡನೆಯ ಸಲ ಮುಳುಗುವ ಮೊದಲೇ ಬಳೆಗಾರ ಸಾಧಾರಣ ಎಲೆಯ ಮೇಲೆ ಇದ್ದ ಬೀಜವನ್ನೆಲ್ಲ ಮುಂದೂಡಿದ. ಎಲ್ಲರೂ ಎಲೆ ಕೆಳಗಿಟ್ಟರು. ಹೀಗೆಯೇ ನಾಲ್ಕಾರು ಸಲ ಆಯಿತು. ಒಮ್ಮೆ ಮಾತ್ರ ಒಬ್ಬ ಎದುರಾದ. ಬಳೆಗಾರನ ಎಲೆಯೇ ಮೇಲಾಯಿತು, ಆಗದೆಯೂ ಇರಬಹುದಿತ್ತು.

ಮಳಿಗೆ ಸಿಕ್ಕಿತು. ಅದರ ಬಾಗಿಲನ್ನೂ ತೆರೆಯದೆ ಅವನು ಹೆಂಡತಿಯನ್ನು ಕರೆದುಕೊಂಡು ಸೀದಾ ಉಪ್ಪಿನ ವ್ಯಾಪಾರಿಯ ಮನೆಗೆ ಹೋದ. ಹಳೆಯ ಮಲಾರದಿಂದಲೇ ಒಂದು ಡಜನ್ ಬಳೆ ತೆಗೆದು ಆ ಮನೆಯಾಕೆಗೆ ತೊಡಿಸಿದ. ಒಂದೆರಡು ಬಳೆಗಳ ಬಣ್ಣ ಮಾಸಿತ್ತು. ಆಕೆ ಕೈ ಆಡಿಸಿ, ಸದ್ದು ಕೇಳಿ, ಹಿಗ್ಗಿ ನಕ್ಕಳು.

ಗುರುಗಳು ಅಲ್ಲಿಗೆ ಕತೆ ನಿಲ್ಲಿಸಿದರು. ನರಹರಿ ತನ್ನ ಬರಿಗೈಗಳನ್ನೇ ನೋಡಿಕೊಂಡ.

"ಬಳೆಗಾರನ ಹತ್ತಿರ ಹಳೆಯ ಬಳೆಗಳಾದರೂ ಇದ್ದವು. ನಾನು ಏನು ಹಿಡಿದುಕೊಂಡು ಹೋಗಲಿ, ಗುರುಗಳೇ?"

"ಹಸಿವು ಹಿಡಿದುಕೊಂಡು ಹೋಗು, ನಾಳೆ ಗುರುವಾರ."

ಮರುದಿನ ನಸುಕಿನಲ್ಲೇ ನರಹರಿ ಬರಿಗೈಯಲ್ಲಿ ತುಂಗಮ್ಮನ ಊರಿನ ದಾರಿ ಹಿಡಿದ.