ಕಟುಕನ ಹೆಬ್ಬೆರಳು

ಒಂದೇ ದೊಡ್ಡಿಯಲ್ಲಿ, ಒಂದೇ ತೊಟ್ಟಿಯ ಮುಸುರೆ ತಿಂದು ಎರಡು ಹಂದಿಗಳು ಬೆಳೆದವು. ತಿಂದದ್ದೆಲ್ಲ ಸೀಮೆ ತಳಿಯ ಬಿಳಿ ಹಂದಿಗೆ ಮಾಂಸವಾಯಿತು, ನಾಟಿ ತಳಿಯ ಕರಿ ಹಂದಿಗೆ ನೆಣವಾಯಿತು. ಅದು ಹುಟ್ಟುಗುಣ, ಬಾಯಿಯ ತಪ್ಪಲ್ಲ.

ವಾರಕ್ಕೊಮ್ಮೆ ಕಟುಕ ಬಂದು ಎರಡರ ಬೆನ್ನನ್ನೂ ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದ. ಬಿಳಿಯದನ್ನು ಒತ್ತಿ "ಭೇಷ್!" ಎನ್ನುತ್ತಿದ್ದ. ಕರಿಯದನ್ನು ಒತ್ತಿ ಮುಖ ಸಿಂಡರಿಸುತ್ತಿದ್ದ. ಅಷ್ಟು ದೊಡ್ಡ ಕರಿ ಹಂದಿ ಅವಮಾನದಿಂದ ಹಿಡಿಯಷ್ಟಾಗುತ್ತಿತ್ತು.

"ನಾಲಿಗೆ ಹಿಡಿತದಲ್ಲಿರಬೇಕು ತಮ್ಮಾ," ಎಂದಿತು ಬಿಳಿ ಹಂದಿ.

"ನಿನಗಿಂತ ಕಡಿಮೆಯೇ ತಿನ್ನುತ್ತೇನಲ್ಲಣ್ಣಾ!"

"ಹಾಗಾದರೆ ಇನ್ನೂ ಕಡಿಮೆ ತಿನ್ನು."

ಅಂದಿನಿಂದ ಕರಿ ಹಂದಿ ತನ್ನ ಪಾಲಿನಲ್ಲಿ ಅರ್ಧವನ್ನು ಅಣ್ಣನಿಗೆ ಬಿಟ್ಟುಕೊಟ್ಟಿತು. ಹಸಿವಿಗೆ ಕಣ್ಣು ಕತ್ತಲಿಟ್ಟರೂ ಅದರ ಬೆನ್ನಿನ ನೆಣ ಕರಗಲಿಲ್ಲ. ಅಣ್ಣನ ತೊಡೆಗಳು ಮಾತ್ರ ಇನ್ನಷ್ಟು ತುಂಬಿಕೊಂಡವು.

ತಿಂಗಳು ಕಳೆದ ಮೇಲೆ ಕಟುಕ ಹಗ್ಗ ತಂದ. "ಬಿಳಿಯದು ಹದಕ್ಕೆ ಬಂದಿದೆ, ಗಾಡಿಗೆ ಹಾಕಿ. ಕರಿಯದು ಬರೀ ನೆಣ, ಬೇಡ," ಎಂದು ಆಳುಗಳಿಗೆ ಹೇಳಿದ.

ಕಾಲು ಕಟ್ಟಿಸಿಕೊಂಡ ಬಿಳಿ ಹಂದಿ, "ತಮ್ಮಾ, ನನ್ನನ್ನು ಕೊಯ್ಯಲು ಒಯ್ಯುತ್ತಿದ್ದಾರೆ!" ಎಂದು ಚೀರಿತು.

ಕರಿ ಹಂದಿಯ ಕಿವಿಯಲ್ಲಿ ಮಾತ್ರ ಕಟುಕನ 'ಬೇಡ' ಇನ್ನೂ ಕೊರೆಯುತ್ತಿತ್ತು. ಅದು ಬೇಲಿಗೆ ಮೂತಿಯೊತ್ತಿ ಅಂಗಲಾಚಿತು:

"ಹೋಗುವ ಮುನ್ನ ಹೇಳಣ್ಣಾ, ಏನು ತಿಂದರೆ ನಾನೂ ನಿನ್ನ ಹಾಗಾಗುತ್ತೇನೆ?"