ಏಳಾದ ಮೇಲೆ ಶಿವಶಿವ

"ಅವ್ವಾ, ಅಕ್ಕ ಹೇಳಿ ಕಳಿಸಿದ್ದಾಳೆ. ನಮ್ಮ ಜೊತೆಗೆ ಓದಿದವರೆಲ್ಲ ಈ ಹುಣ್ಣಿಮೆಗೆ ಅವಳ ಮನೆಯಲ್ಲಿ ಸೇರುತ್ತಾರಂತೆ. ನನ್ನ ತಲೆ ನೆರೆತಿದೆ, ಅವರ ಹಲ್ಲು ಉದುರಿವೆ. ಒಬ್ಬರ ಮುಖ ಒಬ್ಬರಿಗೆ ತಿಳಿಯದ ಮೇಲೆ ಹೋಗಿ ಏನು ಮಾಡಲಿ?" ಎಂದು ಮುರಿಗೆಪ್ಪ ತನ್ನ ಗುರುವನ್ನು ಕೇಳಿದ.

ಅವನ ಗುರು ಅಕ್ಷರ ಕಲಿಯದ ಮುದುಕಿ. ಎಲ್ಲರ ಬಾಯಲ್ಲೂ ಅವಳು ಅವ್ವ.

"ನಿಂತುಕೊಂಡು ಕೇಳುವ ಮಾತಲ್ಲ ಇದು. ಆ ಚಾಪೆ ಎಳೆದುಕೋ. ಕಾಲು ಚಾಚು, ಮಂಡಿನೋವಿನವನು ನೀನು. ಹಾಂ, ಈಗ ಕೇಳು" ಎಂದು ಅವ್ವ ಶುರುಮಾಡಿದಳು.

ಒಂದೂರಲ್ಲಿ ಅಣ್ಣ ತಮ್ಮ ಇಬ್ಬರಿದ್ದರು. ಇಬ್ಬರೂ ಒಬ್ಬರೇ ಮೇಷ್ಟ್ರ ಹತ್ತಿರ ಎಣಿಕೆ ಕಲಿತರು. ಆ ಮೇಷ್ಟ್ರಿಗೆ ನಶ್ಯದ ಚಟ. ಮಕ್ಕಳು ಎಣಿಸಲು ಬಾಯಿ ತೆರೆದರೆ ಅವರು ಚಿಟಿಕೆ ಏರಿಸುವರು. ಮಕ್ಕಳು ಏಳಕ್ಕೆ ಬರುವಷ್ಟರಲ್ಲಿ ಸೀನು ಬರುವುದು. ಸೀನಿ, "ಶಿವಶಿವ" ಎನ್ನುವರು. ಮಕ್ಕಳಿಗೇನು ಗೊತ್ತು? ಅದೂ ಎಣಿಕೆಯಲ್ಲಿ ಸೇರಿದ್ದೇ ಎಂದುಕೊಂಡರು. ಆರು, ಏಳು, ಶಿವಶಿವ, ಎಂಟು. ಹಾಗೆಯೇ ಬಾಯಿಪಾಠವಾಯಿತು.

ಪ್ರಾಯಕ್ಕೆ ಬಂದ ಮೇಲೆ, ಎತ್ತು ಮಾರುವ ಮಾತಿಗೆ ಅಣ್ಣ ತಮ್ಮಂದಿರಿಗೆ ಜಗಳ ಹತ್ತಿತು. "ಇನ್ನು ಈ ಮನೆಯ ನೀರು ಮುಟ್ಟಿದರೆ ಕೇಳು" ಎಂದು ತಮ್ಮ ಹೊರಟುಹೋದ. ಹೋದವನು ಹೋದ. ಊರೂರು ತಿರುಗಿ ಕಂಬಳಿ ವ್ಯಾಪಾರಿಯಾದ. ಸಂತೆಯ ಜನ ಅವನ ಎಣಿಕೆ ಕೇಳಿ ನಕ್ಕರು. ಅವನು ನಾಚಿ ಆ ಶಿವಶಿವವನ್ನು ನುಂಗಿಕೊಳ್ಳುವುದು ಕಲಿತ.

ಮುದುಕನಾದ. ತನ್ನವರನ್ನು ನೋಡಬೇಕೆನಿಸಿತು. ಆದರೆ ಯಾವ ಬಾಯಲ್ಲಿ ಹೆಸರು ಹೇಳುವುದು? ಅವರಾಗಿ ಗುರುತು ಹಿಡಿದರೆ ಉಳಿಯುವುದು, ಇಲ್ಲವಾದರೆ ಕಂಬಳಿ ಮಾರಿ ಬಂದ ದಾರಿ ಹಿಡಿಯುವುದು ಎಂದು ಮನಸ್ಸಿನಲ್ಲೇ ಗಂಟು ಹಾಕಿಕೊಂಡು ಬಂದ.

ಜಗಲಿಯ ಮೇಲೆ ಅಣ್ಣ ಕೂತಿದ್ದ. ಪಕ್ಕದಲ್ಲಿ ಒಬ್ಬ ಕ್ಷೌರಿಕ, ಒಬ್ಬ ಕುಂಬಾರ. ಅವರೂ ಅದೇ ಮೇಷ್ಟ್ರ ಹತ್ತಿರ ಕಲಿತವರೇ. ಮೂವರೂ ಅವನನ್ನು ನೋಡಿದರು. ಯಾರೂ ಗುರುತು ಹಿಡಿಯಲಿಲ್ಲ.

ಬೋಳುತಲೆಯ ಕ್ಷೌರಿಕ ಕಂಬಳಿ ಸವರಿ, "ಏನಯ್ಯಾ, ಇದರ ಮೇಲಿನ ಕೂದಲೂ ನನ್ನ ತಲೆಯ ಮೇಲಿನಷ್ಟೇ ಇದೆಯಲ್ಲ" ಎಂದ.

ಅಣ್ಣ, "ಬಿಸಿಲಲ್ಲಿ ಬಂದಿದ್ದೀಯ, ನೀರು ಕುಡಿ" ಎಂದ.

"ಬಾಯಾರಿಲ್ಲ, ಯಜಮಾನರೇ" ಎಂದ ತಮ್ಮ. ಒಡಹುಟ್ಟಿದವನನ್ನು ಯಜಮಾನರೇ ಎಂದು ಕರೆದು, ತಾನೇ ತಲೆ ತಗ್ಗಿಸಿದ.

ಅಣ್ಣ ಒಂದು ಕಂಬಳಿ ಆರಿಸಿಕೊಂಡು, ಬದಲಿಗೆ ಜೋಳ ಅಳೆಯತೊಡಗಿದ. ತಮ್ಮ ಚೀಲದ ಬಾಯಿ ಹಿಡಿದ. ಈ ಚೀಲ ತುಂಬಿದರೆ ತನ್ನ ಕೆಲಸ ಮುಗಿಯಿತು, ಇನ್ನು ಈ ಊರು ಕಾಣುವುದಿಲ್ಲ ಎಂದುಕೊಂಡ. ಅಳೆಯುವವರ ರೂಢಿಯಂತೆ ಅಣ್ಣ ಒಂದು ಎನ್ನದೆ ಲಾಭ ಎಂದು ಮೊದಲ ಸೇರು ಸುರಿದ. ಎರಡು. ಮೂರು. ಹಾಗೇ ಏಳಕ್ಕೆ ಬಂದ. ಬಂದು ನಿಂತ. ಪರವೂರಿನವನು ಎದುರಿಗಿದ್ದಾನೆ, ನಕ್ಕಾನು ಎಂದು ಮುಂದಿನ ಮಾತನ್ನು ನುಂಗಿಕೊಂಡ.

"ಶಿವಶಿವ" ಎಂದಿತು ತಮ್ಮನ ಬಾಯಿ, ಅವನನ್ನು ಕೇಳದೆಯೇ.

ಸೇರು ಹಿಡಿದ ಕೈ ಗಾಳಿಯಲ್ಲೇ ಉಳಿಯಿತು. ಕುಂಬಾರ ಎದ್ದು ನಿಂತ. ಕ್ಷೌರಿಕ, "ಲೋ, ಇದು ನಮ್ಮ ಮೇಷ್ಟ್ರ ಸೀನು. ಇದು ಬೇರೆ ಊರಲ್ಲಿ ಬೆಳೆಯುವುದಿಲ್ಲ" ಎಂದ.

ಅಣ್ಣ ಎಂಟು ಎಂದು ಸೇರನ್ನು ಚೀಲಕ್ಕೆ ಸುರಿದ. ಒಳಗೆ ಹೋಗಿ ಚೊಂಬಿನಲ್ಲಿ ನೀರು ತಂದ.

"ಆ ಎತ್ತು ಸತ್ತು ಎಷ್ಟೋ ಕಾಲವಾಯಿತು. ನೀನು ನೀರು ಕುಡಿ."

ತಮ್ಮ ಕುಡಿದ. ಅರ್ಧ ನೀರು ಎದೆಯ ಮೇಲೆಯೇ ಹೋಯಿತು.

ಆಮೇಲೆ ಅವನು ಆ ಮನೆಯಲ್ಲೇ ಉಳಿದ. ಹೊತ್ತು ತಂದಿದ್ದ ಕಂಬಳಿಗಳು ಜಗಲಿಯ ಹಾಸಾದವು. ಕ್ಷೌರಿಕ ಅವನ ಗಡ್ಡ ಕೆರೆಯುವಾಗಲೆಲ್ಲ, "ತಡಿ, ಹಳೆಯ ಮುಖ ಇದರ ಕೆಳಗೇ ಎಲ್ಲೋ ಇದೆ" ಎನ್ನುತ್ತಿದ್ದ, ತಾನು ಸಾಯುವವರೆಗೂ. ಕುಂಬಾರನ ಮೊಮ್ಮಕ್ಕಳು ಇವತ್ತಿಗೂ ಮಡಕೆಗಳನ್ನು ಹಾಗೆಯೇ ಎಣಿಸುತ್ತಾರಂತೆ. ಅಣ್ಣ ತಮ್ಮನಿಗಿಂತ ಮೊದಲು ಹೋದ. ಅವನ ಬಾಯಿಗೆ ಕೊನೆಯ ನೀರು ಬಿಟ್ಟವನು ತಮ್ಮನೇ.

ಅವ್ವ ಕತೆ ನಿಲ್ಲಿಸಿದಳು. ಮುರಿಗೆಪ್ಪ ಚಾಪೆಯ ಅಂಚು ಸವರಿದ. "ಅವರಿಗಾದರೆ ಅದೊಂದಿತ್ತು ಅವ್ವಾ. ನಮ್ಮ ನಡುವೆ ಏನು ಉಳಿದಿದೆ?" ಎಂದ.

ಅವ್ವ ಅವನ ಮುಖವನ್ನೇ ನೋಡಿದಳು.

"ನಿಮ್ಮ ಮೇಷ್ಟ್ರು ಎಲ್ಲಿ ಸೀನುತ್ತಿದ್ದರು?"