ಗಾಲಿ ಬಿಡದವನು

"ಅಜ್ಜಾರ, ನಿಮ್ಮ ಬೆನ್ನ ಹಿಂದ ಇದ್ದು, ನೀವು ಮಾಡಿದ್ದನ್ನ ಮಾಡ್ಕೋತ ಹೋದ್ರ ನನಗ ಸಾಕಲ್ರೀ? ಬ್ಯಾರೆ ಮಠಕ್ಕ ನಾ ಯಾಕ ಹೋಗಬೇಕ್ರೀ?"

ಹೀಗೆ ತನ್ನ ಗುರುಗಳನ್ನು ಕೇಳಿದವನು ಶಿಷ್ಯ ಮಡಿವಾಳಯ್ಯ. ದೂರದ ಊರಿನ ಮಠವೊಂದನ್ನು ಮರುದಿನದಿಂದ ಅವನೇ ನೋಡಿಕೊಳ್ಳಬೇಕಿತ್ತು. ಅವನಿಗೆ ಭಯವಾಗಿತ್ತು. ಹೊಲದ ದಾರಿಯಲ್ಲಿ ಗುರುಗಳು ಮುಂದೆ ನಡೆಯುತ್ತಿದ್ದರು, ಅವನು ಹಿಂದೆ. ಗುರುಗಳು ತಿರುಗಿ ನೋಡಲಿಲ್ಲ. ನಡೆಯುತ್ತಲೇ ಈ ಕತೆ ಹೇಳಿದರು.

ಒಬ್ಬ ಸೈಕಲ್ ಸವಾರನಿದ್ದ. ಅವನದು ಒಂದೇ ದಿನಕ್ಕೆ ಮುಗಿಯುವ ಪಂದ್ಯವಲ್ಲ. ಇಂದು ಈ ಊರಿನಿಂದ ಆ ಊರಿಗೆ, ನಾಳೆ ಅಲ್ಲಿಂದ ಮತ್ತೊಂದು ಊರಿಗೆ, ಹೀಗೆ ದಿನಗಟ್ಟಲೆ ಸಾಗುವ ಪಂದ್ಯ. ಪ್ರತಿದಿನ ತೆಗೆದುಕೊಂಡ ಸಮಯವನ್ನು ಕೂಡಿಸುತ್ತ ಹೋಗುತ್ತಾರೆ. ಯಾರ ಒಟ್ಟು ಸಮಯ ಎಲ್ಲರಿಗಿಂತ ಕಡಿಮೆಯೋ ಅವನು ಹಳದಿ ಅಂಗಿ ತೊಡುತ್ತಾನೆ. ಕೊನೆಯ ದಿನ ಅದು ಯಾರ ಮೈಮೇಲೆ ಉಳಿಯುತ್ತದೋ ಅವನೇ ಗೆದ್ದವನು.

ಕೊನೆಯ ದಿನದ ಬೆಳಗ್ಗೆ ಆ ಅಂಗಿ ನಮ್ಮ ಸವಾರನ ಮೈಮೇಲಿತ್ತು. ಅವನಿಗೆ ವಯಸ್ಸಾಗುತ್ತ ಬಂದಿತ್ತು. ಈ ಸಲ ಗೆಲ್ಲದಿದ್ದರೆ ತಂಡದವರು ಅವನನ್ನು ಕೈಬಿಡುತ್ತಿದ್ದರು. ಸೈಕಲ್ ಬಿಟ್ಟರೆ ಅವನಿಗೆ ಬೇರೆ ಕೆಲಸ ಗೊತ್ತಿರಲಿಲ್ಲ. ಒಟ್ಟು ಸಮಯದ ಲೆಕ್ಕದಲ್ಲಿ ಅವನ ಹಿಂದೆಯೇ, ಕೂದಲೆಳೆಯ ಅಂತರದಲ್ಲಿ, ಒಬ್ಬ ಎದುರಾಳಿ ಇದ್ದ.

ತರಬೇತುದಾರ ಸವಾರನ ಭುಜ ಹಿಡಿದು ಹೇಳಿದ: "ಅಂವನ ಗಾಲಿ ಬಿಡಬ್ಯಾಡ. ಅಂವ ಓಡಿದ್ರ ಓಡು, ಅಂವ ನಿಂತ್ರ ನಿಲ್ಲು. ಇಷ್ಟು ಮಾಡಿದ್ರ ಅಂಗಿ ನಿಂದ."

ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಮುಂದಿನವನ ಗಾಲಿಗೆ ಅಂಟಿಕೊಂಡು ಹೋದರೆ ಎದುರುಗಾಳಿಯೆಲ್ಲ ಅವನ ಎದೆಗೆ ಬಡಿಯುತ್ತದೆ, ಹಿಂದಿನವನ ಕಾಲಿಗೆ ಆರಾಮ. ಇದಕ್ಕೇ ಗಾಲಿ ಹಿಡಿಯುವುದು ಎನ್ನುತ್ತಾರೆ. ಸವಾರ ಅಂದು ಎದುರಾಳಿಯ ಗಾಲಿ ಹಿಡಿದ. ಊರು ಕಾಣಲಿಲ್ಲ, ದಾರಿ ಕಾಣಲಿಲ್ಲ, ಜನ ಕೂಗಿದ್ದು ಕೇಳಲಿಲ್ಲ. ಕಣ್ಣೆಲ್ಲ ಆ ಗಾಲಿಯ ಮೇಲೆ. ಘಾಟಿ ಏರುವಾಗ ಇಬ್ಬರೂ ಉಳಿದವರನ್ನು ಹಿಂದೆ ಹಾಕಿದರು.

ಘಾಟಿಯ ನಡುವೆ ಎದುರಾಳಿ ನಿಧಾನವಾದ. ಸವಾರನೂ ನಿಧಾನವಾದ. ಎದುರಾಳಿ ನಿಂತ. ಸವಾರನೂ ನಿಂತು ಒಂದು ಕಾಲು ನೆಲಕ್ಕೆ ಊರಿದ. ಎದುರಾಳಿ ಸೈಕಲ್ಲನ್ನು ಬದಿಗೆ ಒರಗಿಸಿ ಸೇತುವೆಯ ಕಟ್ಟೆಯ ಮೇಲೆ ಕುಳಿತು ಕಣ್ಣು ಮುಚ್ಚಿದ.

ಸವಾರನಿಗೆ ದಿಕ್ಕು ತೋಚಲಿಲ್ಲ. ಈ ಎದುರಾಳಿ ಸಾಮಾನ್ಯನಲ್ಲ. ಮೊದಲೊಮ್ಮೆ ಸುಸ್ತಾದವನಂತೆ ತಲೆ ಇಳಿಬಿಟ್ಟು, ಎಲ್ಲರೂ ಮೈಮರೆತಾಗ ಚಂಗನೆ ಹಾರಿ ಹೋಗಿದ್ದ. ಇದೂ ಅದೇ ಆಟವೇ? ತಾನು ಹೊರಟರೆ ಇವನು ತನ್ನ ಗಾಲಿ ಹಿಡಿಯುತ್ತಾನೆ. ದಣಿವಾರಿಸಿಕೊಂಡ ಕಾಲಿನಿಂದ ಕೊನೆಯಲ್ಲಿ ತನ್ನನ್ನು ದಾಟುತ್ತಾನೆ. ಹೊರಡದಿದ್ದರೆ? ಹಿಂದಿನವರು ಬರುತ್ತಾರೆ. ಬರಲಿ, ತನಗೆ ಹೇಳಿದ್ದು ಇವನೊಬ್ಬನನ್ನು ನೋಡು ಎಂದಲ್ಲವೇ? ಹೋಗಲೋ ನಿಲ್ಲಲೋ ಎಂದು ಎರಡು ಸಲ ಪೆಡಲಿನ ಮೇಲೆ ಕಾಲಿಟ್ಟ, ಎರಡು ಸಲ ತೆಗೆದ. ಹಳದಿ ಅಂಗಿ ತೊಟ್ಟು ನಡುರಸ್ತೆಯಲ್ಲಿ ನಿಂತವನನ್ನು ಕಂಡು ಜನ ನಕ್ಕರು. ಅವನಿಗೆ ನಾಚಿಕೆಯಾಯಿತು. ಆದರೂ ಅಲ್ಲಾಡಲಿಲ್ಲ.

ಅಷ್ಟರಲ್ಲಿ ಹಿಂದಿನ ಗುಂಪು ಬಂತು, ಹೋಯಿತು. ಅದರಲ್ಲಿ ಮೂರನೆಯ ಸ್ಥಾನದವನೂ ಇದ್ದ. ಅವನನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಎದುರಾಳಿ ಕಣ್ಣು ತೆರೆದು ಬೆರಗಾದ. "ಇನ್ನೂ ಇಲ್ಲೇ ಅದಿ? ನಂದು ಮುಗೀತಪಾ. ಜ್ವರ ಬಂದಾವ, ಕೈಲೆ ಆಗವಲ್ದು."

"ಖರೇನ?"

"ಖರೇನೋ ಮಾರಾಯಾ. ಪಂದ್ಯ ಬಿಟ್ಟವರ್ನ ಕರ್ಕೊಂಡು ಹೋಗೋ ಗಾಡಿ ಬರ್ಲಿ ಅಂತ ಕುಂತೀನಿ."

ಸವಾರ ತಟ್ಟನೆ ಪೆಡಲಿಗೆ ಕಾಲಿಟ್ಟ. ಇದ್ದ ಬಲವನ್ನೆಲ್ಲ ಹಾಕಿ ತುಳಿದ. ಆದರೆ ಈಗ ಹಿಡಿಯಲು ಮುಂದೆ ಯಾರ ಗಾಲಿಯೂ ಇರಲಿಲ್ಲ, ಗಾಳಿಯೆಲ್ಲ ಅವನ ಎದೆಗೇ ಬಡಿಯಿತು. ಅವನು ಊರು ಮುಟ್ಟುವ ಹೊತ್ತಿಗೆ ಮೂರನೆಯವನಿಗೆ ಹೊಸದೊಂದು ಹಳದಿ ಅಂಗಿ ತೊಡಿಸಿ ಆಗಿತ್ತು. ತರಬೇತುದಾರ ತಲೆ ತಲೆ ಬಡಿದುಕೊಳ್ಳುತ್ತಿದ್ದ. ಸವಾರ ಅವನ ಮುಂದೆ ನಿಂತು ಅತ್ತುಬಿಟ್ಟ. ಹೇಳಿದ ಹಾಗೆಯೇ ಮಾಡಿದ್ದೆನಲ್ಲ, ಎಲ್ಲಿ ತಪ್ಪಿದೆ ಎಂಬುದು ಅವನಿಗೆ ಆಗಲೂ ತಿಳಿಯಲಿಲ್ಲ.

ಇಷ್ಟು ಹೇಳಿ ಗುರುಗಳು ಹಾದಿಯ ನಡುವೆ ನಿಂತರು.

ಮಡಿವಾಳಯ್ಯನ ತಲೆ ಗೊಂದಲದ ಗೂಡಾಯಿತು. ತಪ್ಪು ಹೇಳಿದವನದೋ, ಕೇಳಿದವನದೋ? ಹಿಂಬಾಲಿಸುವುದೇ ತಪ್ಪೆಂದರೆ ಇಷ್ಟು ವರ್ಷ ತಾನು ಮಾಡಿದ್ದೇನು? ಹೊತ್ತು ಏರುತ್ತಿತ್ತು. ಗುರುಗಳು ಮುಂದೆ ಹೆಜ್ಜೆ ಇಡಲಿಲ್ಲ, ಅವನೂ ಇಡಲಿಲ್ಲ. ಕೊನೆಗೆ ತಡೆಯಲಾರದೆ ಕೇಳಿದ: "ಹಂಗಾರ ಆ ಸವಾರ ಏನು ಮಾಡಬೇಕಿತ್ತ್ರೀ, ಅಜ್ಜಾರ?"

ಗುರುಗಳು ಬಗ್ಗಿ ಪಾದ ಎತ್ತಿ ಹಿಡಿದು ಹೇಳಿದರು: "ನನ್ನ ಕಾಲಾಗ ಮುಳ್ಳು ನಟ್ಟೈತಿ ಅಂತ ನಾ ನಿಂತೆ; ನೀ ಯಾಕ ನಿಂತಿಯೋ, ತಮ್ಮಾ?"